ಜೋಳದ ಸುಳಿ ಮತ್ತು ಜೀವಕೋಶ
(ಶಾಲಾಂತ ಪರೀಕ್ಷೆಗೆ ಕೂಡ್ರುವವರಿಗಾಗಿ ಒಂದು ಪುನರಾವಲೋಕನ)

ಮಾಘ-ಫಾಲ್ಗುಣಗಳು ಬಂದವೆಂದರೆ ನಮ್ಮ ಉಮದಿಯ ಸೀಮೆಯಲ್ಲಿ ಎರಡು ಕೆಲಸಗಳು ಒಟ್ಟಿಗೇ ಬಂದೊದಗುವವು. ಹೊಲದಲ್ಲಿ ಬಿಳಿಜೋಳದ ಸುಗ್ಗಿ, ಮನೆಯಲ್ಲಿ ಹತ್ತನೆಯ ಇಯತ್ತೆಯ ಪರೀಕ್ಷೆ. ತಂದೆತಾಯಿಗಳು ಜೋಳ ಕೀಳುವ ಚಿಂತೆಯಲ್ಲಿದ್ದರೆ, ಮಗನೋ ಮಗಳೋ ಪಡಸಾಲೆಯಲ್ಲಿ ಕುಳಿತು ಜೀವಕೋಶದ ಭಾಗಗಳನ್ನು ಬಾಯಿಪಾಠ ಮಾಡುತ್ತಿರುವರು. ಈ ಎರಡು ಕೆಲಸಗಳಿಗೆ ಒಂದಕ್ಕೊಂದು ಸಂಬಂಧವಿಲ್ಲವೆಂದು ಇಬ್ಬರೂ ನಂಬಿರುತ್ತಾರೆ. ಪಾಠಪುಸ್ತಕದಲ್ಲಿ ಅತ್ಯಂತ ಕಠಿಣವೆನಿಸುವ ಭಾಗವನ್ನು ನಮ್ಮ ಜೋಳದ ಹೊಲದಲ್ಲಿಯೇ ನಿಂತು ಕಲಿಯಬಹುದೆಂಬುದನ್ನು ತೋರಿಸಲು ನಾವು ಇಲ್ಲಿ ಯತ್ನಿಸಿರುವೆವು. ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಹೇಳುವ ಉದ್ದೇಶ ನಮಗಿಲ್ಲ. ಉತ್ತರಪತ್ರಿಕೆಗಳನ್ನು ತಿದ್ದುವಾಗ ಎಲ್ಲೆಲ್ಲಿ ವಿದ್ಯಾರ್ಥಿಗಳ ಕಾಲು ಜಾರುವದನ್ನು ಕಾಣುವೆವೋ ಅಲ್ಲಿ ಮಾತ್ರ ನಿಲ್ಲುವೆವು.

ಮೊದಲು ಶಬ್ದಗಳ ಮಾತು. ಗಡಿಯ ಮೇಲಿನ ಮಕ್ಕಳಾದ ನಾವು ಶಾಲೆಯಲ್ಲಿ ಕನ್ನಡದಲ್ಲಿ ಓದುತ್ತೇವೆ, ಸಂತೆಯಲ್ಲಿಯೂ ಕಚೇರಿಯಲ್ಲಿಯೂ ಮರಾಠಿಯನ್ನು ಕೇಳುತ್ತೇವೆ, ಮುಂದಿನ ವಿಜ್ಞಾನ ಶಾಖೆಗೆ ಹೋದವರು ಇಂಗ್ಲಿಷಿನಲ್ಲಿ ಓದುತ್ತಾರೆ. ಎರಡು ಭಾಷೆ ಬಲ್ಲವನಿಗೆ ಇದರಿಂದ ಲಾಭವೇ ಹೆಚ್ಚು. ಆದರೆ ಕೆಲವು ಕಡೆ ಒಂದೇ ಶಬ್ದವು ಎರಡು ಮುಖ ತೋರಿಸಿ ಮೋಸ ಮಾಡುವದು. ಮರಾಠಿಯಲ್ಲಿ ‘ಪೇಶೀ’ ಎಂದರೆ ಜೀವಕೋಶ; ನಮ್ಮ ಹಿರಿಯರ ಬಾಯಲ್ಲಿ ‘ಮಾಂಸಪೇಶಿ’ ಎಂದರೆ ಸ್ನಾಯು. ಮರಾಠಿಯ ‘ಊತೀ’ ನಮ್ಮ ಅಂಗಾಂಶ. ಅವರ ‘ಗುಣಸೂತ್ರ’ ನಮ್ಮ ವರ್ಣತಂತು. ಇವು ಹೇಗೋ ತಿಳಿಯುವವು. ನಿಜವಾದ ಗೋಜು ಉಸಿರಿನ ಶಬ್ದಗಳಲ್ಲಿದೆ. ಕನ್ನಡ ಪುಸ್ತಕಗಳಲ್ಲಿ ‘ಉಚ್ಛ್ವಾಸ’ವೆಂದರೆ ಗಾಳಿಯನ್ನು ಒಳಗೆ ಎಳೆದುಕೊಳ್ಳುವದು, ‘ನಿಶ್ವಾಸ’ವೆಂದರೆ ಹೊರಗೆ ಬಿಡುವದು. ಮರಾಠಿಯಲ್ಲಿಯಾದರೋ ‘ಶ್ವಾಸ’ವನ್ನು ತೆಗೆದುಕೊಂಡು ‘ಉಚ್ಛ್ವಾಸ’ವನ್ನು ಬಿಡುತ್ತಾರೆ! ಮರಾಠಿ ಮಾಧ್ಯಮದ ಗೆಳೆಯನ ಟಿಪ್ಪಣಿಯನ್ನು ನೋಡಿ ಬರೆದ ವಿದ್ಯಾರ್ಥಿಯು ಎದೆಗೂಡು ಹಿಗ್ಗುವದನ್ನೂ ಕುಗ್ಗುವದನ್ನೂ ತಲೆಕೆಳಗು ಮಾಡಿಬಿಡುವನು. ಆದುದರಿಂದ ನಿಮ್ಮ ಪಾಠಪುಸ್ತಕದಲ್ಲಿ ಯಾವ ಶಬ್ದವಿದೆಯೋ ಅದನ್ನೇ ಬರೆಯತಕ್ಕದ್ದು. ಸಂಶಯ ಬಂದಲ್ಲಿ ‘ಗಾಳಿಯನ್ನು ಒಳಗೆಳೆದುಕೊಂಡಾಗ’ ಎಂದು ಬಿಡಿಸಿ ಬರೆದರೆ ಯಾವ ಪರೀಕ್ಷಕನೂ ಗುಣ ಕಡಿಯಲಾರನು.

ಇನ್ನು ಜೋಳದ ಎಲೆಗೆ ಬರೋಣ. ಒಂದು ಹಸಿರೆಲೆಯ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಇಟ್ಟಿಗೆ ಹೊಂದಿಸಿದಂತೆ ಕೋಶಗಳ ಸಾಲು ಕಾಣುವದು. 1665ರಲ್ಲಿ ರಾಬರ್ಟ್ ಹುಕ್ ಎಂಬ ಆಂಗ್ಲ ವಿಜ್ಞಾನಿಯು ಬೆಂಡಿನ ತುಣುಕಿನಲ್ಲಿ ಕಂಡುದು ಇಂಥ ಗೂಡುಗಳನ್ನೇ. ಆದರೆ ಅವು ಸತ್ತ ಕೋಶಗಳ ಬರಿಯ ಗೋಡೆಗಳು; ಮನೆಯವರು ಬಿಟ್ಟುಹೋದ ಮನೆಗಳು. ಜೀವಂತ ಕೋಶದಲ್ಲಿ ಗೋಡೆಯ ಒಳಮಗ್ಗುಲಿಗೆ ತೆಳುವಾದ ಕೋಶಪೊರೆ, ಅದರೊಳಗೆ ಕೋಶರಸ, ರಸದಲ್ಲಿ ಕೋಶಕೇಂದ್ರ, ಹಸಿರು ಕ್ಲೋರೋಪ್ಲಾಸ್ಟುಗಳು, ಮೈಟೊಕಾಂಡ್ರಿಯಗಳು, ಮತ್ತು ನಡುವೆ ದೊಡ್ಡದಾದ ರಸದಾನಿ. ‘ಕೋಶಭಿತ್ತಿ’ ಮತ್ತು ‘ಕೋಶಪೊರೆ’ ಇವೆರಡನ್ನು ಒಂದೇ ಎಂದು ಬರೆಯುವ ತಪ್ಪು ಪ್ರತಿ ವರ್ಷವೂ ಬರುತ್ತದೆ. ಭಿತ್ತಿಯು ಸಸ್ಯಗಳಿಗುಂಟು, ಪ್ರಾಣಿಗಳಿಗಿಲ್ಲ. ಪೊರೆಯು ಎಲ್ಲರಿಗೂ ಉಂಟು. ಭಿತ್ತಿಯು ಹೊಲದ ಕಲ್ಲಿನ ಒಡ್ಡಿನಂತೆ ಆಕಾರ ಕಾಯುವದು; ಪೊರೆಯು ಬಾಗಿಲ ಕಾವಲುಗಾರನಂತೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದೆಂದು ನೋಡುವದು.

ಮಳೆಯಿಲ್ಲದ ವರ್ಷ ಮಧ್ಯಾಹ್ನದ ಬಿಸಿಲಿನಲ್ಲಿ ಜೋಳದ ಎಲೆ ಕೊಳವೆಯಂತೆ ಒಳಕ್ಕೆ ಸುತ್ತಿಕೊಳ್ಳುವದನ್ನು ನೀವು ಕಂಡಿರುವಿರಿ. ಎಲೆಯ ಮೇಲ್ಮೈಯಲ್ಲಿ ಸಾಲಾಗಿರುವ ಕೆಲವು ದೊಡ್ಡ ಕೋಶಗಳು ನೀರು ಕಳೆದುಕೊಂಡು ಬಿಗುಪು ತಪ್ಪಿದ ಕೂಡಲೆ ಎಲೆ ಮಡಚಿಕೊಳ್ಳುವದು. ಬಿಸಿಲಿಗೆ ತೆರೆದ ಮೈ ಕಡಿಮೆಯಾಗಿ ಪತ್ರರಂಧ್ರಗಳಿಂದ ನೀರು ಹೋಗುವದೂ ಕಡಿಮೆಯಾಗುವದು. ಸಂಜೆಗೆ ಬೇರು ನೀರು ಒದಗಿಸಿದರೆ ಕೋಶ ತುಂಬಿ ಎಲೆ ಮತ್ತೆ ಬಿಚ್ಚುವದು. ಮಳೆನೆರಳಿನ ಈ ಜತ್ತ ತಾಲೂಕಿನಲ್ಲಿಯೂ ನೆರೆಯ ಮಂಗಳವೇಢೆಯ ಎರೆಯಲ್ಲಿಯೂ ಜೋಳವು ಬಾಳಿ ಬಂದದ್ದು ಇಂಥ ಉಪಾಯಗಳಿಂದ.

ಆದರೆ ಇದೇ ಜೋಳದಲ್ಲಿ ಇನ್ನೊಂದು ಗುಟ್ಟು ಅಡಗಿದೆ. ಎಳೆಯ ಸುಳಿ, ಬರದಿಂದ ಬಾಡಿದ ಮೊಣಕಾಲೆತ್ತರದ ಪೈರು, ಕೊಯ್ದ ಮೇಲೆ ಕೂಳೆಯಿಂದ ಒಡೆದ ಚಿಗುರು, ಇವನ್ನು ಹಸಿದ ದನ ಮೇಯ್ದರೆ ಕೆಲವು ನಿಮಿಷಗಳಲ್ಲಿಯೇ ಏದುಸಿರು ಬಿಟ್ಟು, ತತ್ತರಿಸಿ, ನೆಲಕ್ಕೆ ಬೀಳಬಹುದು. ಮರಾಠಿ ರೈತರು ಇದನ್ನು ‘ಕಿರಾಳ’ವೆಂದು ಕರೆಯುವರು. ಮೇವಿಲ್ಲದ ಬರಗಾಲದಲ್ಲಿಯೇ ಈ ಕೇಡು ಹೆಚ್ಚು. ಒಂದು ಎತ್ತು ಹೋದರೆ ಒಂದು ಮನೆಯ ವರ್ಷವೇ ಹೋದಂತೆ. ಇದು ದೃಷ್ಟಿಯಲ್ಲ, ಮಾಟವಲ್ಲ. ಕೋಶದೊಳಗಿನ ಒಂದು ಕಿಣ್ವದ ಮಾತು. ಶಾಲಾಂತ ಪರೀಕ್ಷೆಯ ಅತ್ಯಂತ ಕ್ಲಿಷ್ಟ ಪಾಠವಾದ ಕೋಶೀಯ ಶ್ವಸನವು ಇಲ್ಲಿ ಕಣ್ಣೆದುರಿಗೇ ನಡೆಯುವದು. ಆದುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಜೋಳದ ಕೋಶದ ರಸದಾನಿಯಲ್ಲಿ ಧುರಿನ್ ಎಂಬ ವಸ್ತುವಿದೆ. ಅದು ತಾನಾಗಿ ವಿಷವಲ್ಲ. ಅದನ್ನು ಒಡೆಯುವ ಕಿಣ್ವವು ಬೇರೆ ಕೋಶಗಳಲ್ಲಿ, ಬೇರೆ ಗೂಡಿನಲ್ಲಿ ಇದೆ. ನಡುವೆ ಪೊರೆಗಳಿರುವದರಿಂದ ಇವು ಒಂದನ್ನೊಂದು ಮುಟ್ಟವು. ಬೆಂಕಿಕಡ್ಡಿ ಒಂದು ಪೆಟ್ಟಿಗೆಯಲ್ಲಿ, ಮದ್ದು ಇನ್ನೊಂದರಲ್ಲಿ ಇಟ್ಟಂತೆ. ದನವು ಅಗಿದಾಗ ಕೋಶಗಳು ನುಚ್ಚಾಗಿ ಎರಡೂ ಬೆರೆಯುವವು. ಹೊಟ್ಟೆಯ ಮೊದಲ ಕೋಣೆಯಲ್ಲಿರುವ ಸೂಕ್ಷ್ಮಜೀವಿಗಳು ಉಳಿದ ಕೆಲಸವನ್ನು ಪೂರೈಸುವವು. ಆಗ ಹೊರಡುವದು ಹೈಡ್ರೋಸಯನಿಕ್ ಆಮ್ಲ, ಅಂದರೆ ಸಯನೈಡ್ ವಿಷ. ‘ಕೋಶದಲ್ಲಿ ಪೊರೆಗಳ ಮಹತ್ವವೇನು?’ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಬೇರೆ ಗೊತ್ತಿಲ್ಲ.

ಈ ವಿಷವು ದನದ ಕೋಶದಲ್ಲಿ ಏನು ಮಾಡುವದು? ಅದನ್ನು ತಿಳಿಯಲು ಅನ್ನವು ಶಕ್ತಿಯಾಗುವ ದಾರಿಯನ್ನು ನೆನಪಿಸಿಕೊಳ್ಳಬೇಕು. ರೊಟ್ಟಿಯ ಪಿಷ್ಟವು ಜೀರ್ಣವಾಗಿ ಗ್ಲುಕೋಸ್ ಆಗುವದು. ಆರು ಇಂಗಾಲದ ಗ್ಲುಕೋಸ್ ಕೋಶರಸದಲ್ಲಿಯೇ ಒಡೆದು ಮೂರು ಇಂಗಾಲದ ಎರಡು ಪೈರುವಿಕ್ ಆಮ್ಲದ ಅಣುಗಳಾಗುವವು. ಇದೇ ಗ್ಲೈಕಾಲಿಸಿಸ್, ಇದಕ್ಕೆ ಆಮ್ಲಜನಕ ಬೇಡ, ಇಲ್ಲಿ ನಿವ್ವಳವಾಗಿ ದೊರೆಯುವದು 2 ಎ.ಟಿ.ಪಿ. ಮಾತ್ರ. ಪೈರುವಿಕ್ ಆಮ್ಲವು ಮೈಟೊಕಾಂಡ್ರಿಯದೊಳಗೆ ಹೋಗಿ ಅಸಿಟೈಲ್ ಕೋ ಎನ್‌ಜೈಮ್ ಎ ಆಗಿ, 1937ರಲ್ಲಿ ಹಾನ್ಸ್ ಕ್ರೆಬ್ಸ್ ವಿವರಿಸಿದ ಚಕ್ರದಲ್ಲಿ ಸುತ್ತುವದು. ನಾವು ಹೊರಗೆ ಬಿಡುವ ಇಂಗಾಲದ ಡೈ ಆಕ್ಸೈಡ್ ಹುಟ್ಟುವದು ಇಲ್ಲಿ. ಕೊನೆಯ ಹಂತ ಇಲೆಕ್ಟ್ರಾನ್ ಸಾಗಣೆಯ ಸರಪಳಿ. ಬಾವಿಯಿಂದ ಕೊಡ ಕೈಯಿಂದ ಕೈಗೆ ಸಾಗುವಂತೆ ಇಲೆಕ್ಟ್ರಾನುಗಳು ಒಂದು ಅಣುವಿನಿಂದ ಇನ್ನೊಂದಕ್ಕೆ ಸಾಗಿ, ಕಟ್ಟಕಡೆಗೆ ಆಮ್ಲಜನಕದ ಕೈ ಸೇರುವವು. ಅದು ಜಲಜನಕದೊಡನೆ ಕೂಡಿ ನೀರಾಗುವದು. ಹೆಚ್ಚಿನ ಎ.ಟಿ.ಪಿ. ತಯಾರಾಗುವದು ಈ ಸಾಗಣೆಯ ಬಲದಿಂದಲೇ. ನಾವು ಹಗಲಿರುಳು ಉಸಿರಾಡುವದು ಈ ಕಟ್ಟಕಡೆಯ ಕೈಗಾಗಿ ಮಾತ್ರ.

ಸಯನೈಡ್ ಬಂದು ಹಿಡಿಯುವದು ಈ ಕೊನೆಯ ಕೈಗೆ ಕೊಡ ದಾಟಿಸುವ ಕಿಣ್ವವನ್ನೇ. ಅಲ್ಲಿಗೆ ಸಾಲೆಲ್ಲ ನಿಂತುಬಿಡುವದು. ಶ್ವಾಸಕೋಶವು ಗಾಳಿ ಎಳೆಯುತ್ತಲೇ ಇದೆ, ರಕ್ತವು ಆಮ್ಲಜನಕವನ್ನು ಹೊತ್ತು ತರುತ್ತಲೇ ಇದೆ, ಆದರೆ ಕೋಶವು ಅದನ್ನು ಬಳಸಲಾರದು. ಆಮ್ಲಜನಕವು ವೆಚ್ಚವಾಗದೆ ಉಳಿಯುವದರಿಂದ ಅಭಿಧಮನಿಯ ರಕ್ತವೂ ಕೆಂಪಗೆ ಹೊಳೆಯುವದು. ತುಂಬಿದ ಕಣಜದ ಮುಂದೆ ಹಸಿವಿನಿಂದ ಸತ್ತಂತೆ ಈ ಸಾವು. ‘ಉಸಿರಾಟ’ ಮತ್ತು ‘ಶ್ವಸನ’ ಇವೆರಡೂ ಒಂದೇ ಎಂದು ಬರೆಯುವ ವಿದ್ಯಾರ್ಥಿಯು ಈ ದನವನ್ನು ನೆನೆಯಲಿ: ಅದರ ಉಸಿರಾಟವು ನಡೆದಿತ್ತು, ಶ್ವಸನವು ನಿಂತಿತ್ತು.

ಪಾಲಕರಿಗೂ ಇಲ್ಲಿ ಒಂದು ಮಾತು. ಎಳೆಯ ಅಥವಾ ಬಾಡಿದ ಹಸಿಜೋಳಕ್ಕೆ ದನ ಬಿಡಬೇಡಿರಿ. ಹೂ ಬಿಟ್ಟ ಮೇಲಿನ ಪೈರಿನಲ್ಲಿ ವಿಷದ ಅಂಶ ಬಹಳ ಇಳಿದಿರುವದು, ಚೆನ್ನಾಗಿ ಒಣಗಿದ ಕಣಿಕೆಯಲ್ಲಿ ಇನ್ನೂ ಕಡಿಮೆ. ದನ ಬಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಯಿಸಬೇಕು. ಅವರು ಸೋಡಿಯಮ್ ನೈಟ್ರೈಟ್ ಮತ್ತು ಸೋಡಿಯಮ್ ಥಯೋಸಲ್ಫೇಟುಗಳನ್ನು ರಕ್ತಕ್ಕೆ ಕೊಡುವರು. ಮೊದಲನೆಯದು ವಿಷವನ್ನು ಕಿಣ್ವದಿಂದ ಕಿತ್ತು ರಕ್ತದಲ್ಲಿ ಹಿಡಿದಿಡುವದು. ಎರಡನೆಯದು ಅದನ್ನು ಮೂತ್ರದೊಡನೆ ಹೋಗುವ ನಿರಪಾಯ ವಸ್ತುವನ್ನಾಗಿ ಮಾಡುವದು. ಆದರೆ ಬರದ ಜೋಳದಲ್ಲಿ ನೈಟ್ರೇಟ್ ಎಂಬ ಇನ್ನೊಂದು ವಿಷವೂ ಕೂಡಿಕೊಳ್ಳುವದುಂಟು. ಅದರಿಂದ ರಕ್ತವು ಕಾಫಿಯ ಬಣ್ಣಕ್ಕೆ ತಿರುಗುವದು. ಆಗ ನೈಟ್ರೈಟ್ ಮದ್ದು ಕೊಟ್ಟರೆ ಅನರ್ಥವೇ ಆಗುವದು. ಆದ್ದರಿಂದ ಯಾರೋ ಹೇಳಿದ ಮದ್ದನ್ನು ತಾವೇ ಕೊಡಬಾರದು.

ಎ.ಟಿ.ಪಿ. ಎಂಬ ಹೆಸರು ಬಂದುದರಿಂದ ಒಂದು ಪಕ್ಕದ ಮಾತು ಹೇಳಿಬಿಡುವೆವು. ಈ ಅಣುವನ್ನು 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಕಂಡುಹಿಡಿದರು. ಅದೇ ವರ್ಷ ಅಮೇರಿಕೆಯಲ್ಲಿ ಸೈರಸ್ ಫಿಸ್ಕೆ ಅವರೊಡನೆ ಅದನ್ನು ಸ್ವತಂತ್ರವಾಗಿ ಬೇರ್ಪಡಿಸಿದವರು ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು. ಅವರು ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ಮೂರನೆಯ ಸಲಕ್ಕೆ. ಇನ್ನೊಂದು ಗೊಂದಲ: ಒಂದು ಗ್ಲುಕೋಸ್ ಅಣುವಿನಿಂದ ಒಟ್ಟು ಎಷ್ಟು ಎ.ಟಿ.ಪಿ.? ಶಾಲೆಯ ಪುಸ್ತಕಗಳು ಬಹುಕಾಲದಿಂದ 38 ಎಂದು ಹೇಳುತ್ತ ಬಂದಿವೆ. ಇತ್ತೀಚಿನ ಅಳತೆಗಳ ಪ್ರಕಾರ ಅದು 30ರಿಂದ 32ರಷ್ಟು. ಪರೀಕ್ಷೆಯಲ್ಲಿ ಪುಸ್ತಕದಲ್ಲಿದ್ದ ಸಂಖ್ಯೆಯನ್ನೇ ಬರೆಯಿರಿ; ಮುಂದೆ ಕಾಲೇಜಿನಲ್ಲಿ ಬೇರೆ ಸಂಖ್ಯೆಯನ್ನು ಕಂಡು ಬೆದರಬೇಡಿರಿ.

ರಕ್ತದ ವಿಷಯವನ್ನು ಈಗ ಸುಲಭವಾಗಿ ಮುಗಿಸಬಹುದು. ಆಮ್ಲಜನಕವನ್ನು ಹೊರುವದು ಕೆಂಪು ರಕ್ತಕಣದ ಹಿಮೋಗ್ಲೋಬಿನ್. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 50 ಲಕ್ಷ ಕೆಂಪು ಕಣಗಳು, ಪ್ರತಿಯೊಂದರ ಆಯುಷ್ಯ ಸುಮಾರು 120 ದಿನ. ಬೆಳೆದ ಕೆಂಪು ಕಣದಲ್ಲಿ ಕೋಶಕೇಂದ್ರವಿಲ್ಲವೆಂಬುದನ್ನು ಎಲ್ಲರೂ ಬರೆಯುವರು. ಅದರಲ್ಲಿ ಮೈಟೊಕಾಂಡ್ರಿಯವೂ ಇಲ್ಲವೆಂಬುದನ್ನು ಬರೆಯುವವರು ವಿರಳ. ಊರಿಗೆಲ್ಲ ಆಮ್ಲಜನಕ ಹೊರುವ ಈ ಹಮಾಲನು ತಾನು ಅದನ್ನು ಒಂದಿಷ್ಟೂ ಬಳಸುವದಿಲ್ಲ, ಗ್ಲೈಕಾಲಿಸಿಸಿನ 2 ಎ.ಟಿ.ಪಿ.ಯ ಮೇಲೆಯೇ ಬದುಕುವನು! ಹಿಮೋಗ್ಲೋಬಿನ್ನಿಗೆ ಕಬ್ಬಿಣ ಬೇಕು. 100 ಮಿಲಿಲೀಟರ್ ರಕ್ತದಲ್ಲಿ 12 ಗ್ರಾಮಿಗಿಂತ ಕಡಿಮೆಯಾದರೆ ನಿಮ್ಮ ವಯಸ್ಸಿನ ಹುಡುಗಿಯರಲ್ಲಿ ಅದನ್ನು ರಕ್ತಹೀನತೆಯೆನ್ನುವರು. ಓದಲು ಕುಳಿತ ಮಗಳು ಬೇಗ ದಣಿದರೆ, ಮುಖ ಬಿಳಿಚಿದ್ದರೆ, ಸೋಮಾರಿಯೆಂದು ಬಯ್ಯುವ ಮೊದಲು ಅವಳ ರಕ್ತವನ್ನು ಪರೀಕ್ಷೆ ಮಾಡಿಸಿರೆಂದು ಪಾಲಕರಲ್ಲಿ ನಮ್ಮ ವಿನಂತಿ. ಊಟದೊಡನೆ ಚಹಾ ಕುಡಿದರೆ ಕಾಳು-ಸೊಪ್ಪುಗಳ ಕಬ್ಬಿಣವು ಮೈಗೆ ಹತ್ತುವದು ಕಡಿಮೆ; ನಿಂಬೆಹಣ್ಣು ಹಿಂಡಿಕೊಂಡರೆ ಹೆಚ್ಚು.

ರಕ್ತನಾಳಗಳ ಹೆಸರಿನಲ್ಲಿ ನಮ್ಮ ಭಾಷೆಯೇ ಗುರುವಾಗಿದೆ. ‘ಅಪ’ ಎಂದರೆ ದೂರಕ್ಕೆ, ‘ಅಭಿ’ ಎಂದರೆ ಕಡೆಗೆ. ಹೃದಯದಿಂದ ದೂರಕ್ಕೆ ಒಯ್ಯುವದು ಅಪಧಮನಿ; ಹೃದಯಕ್ಕೆ ಅಭಿಮುಖವಾಗಿ ತರುವದು ಅಭಿಧಮನಿ. ಇಷ್ಟು ತಿಳಿದರೆ ‘ಅಪಧಮನಿಯಲ್ಲಿ ಶುದ್ಧ ರಕ್ತ, ಅಭಿಧಮನಿಯಲ್ಲಿ ಅಶುದ್ಧ ರಕ್ತ’ ಎಂಬ ಅರ್ಧಸತ್ಯದ ಬಾಯಿಪಾಠ ಬೇಕಾಗದು. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ನಾಳದಲ್ಲಿ ಆಮ್ಲಜನಕ ಕಡಿಮೆಯಾದ ರಕ್ತವಿದ್ದರೂ ಅದು ಅಪಧಮನಿಯೇ. ಶ್ವಾಸಕೋಶದಿಂದ ಹೃದಯಕ್ಕೆ ಬರುವದು ಅಭಿಧಮನಿಯೇ. ಮರಾಠಿಯಲ್ಲಿ ಇವೇ ‘ರೋಹಿಣೀ’ ಮತ್ತು ‘ನೀಲಾ’.

ಅಭಿಸರಣದ ಪ್ರಶ್ನೆಯು ಕೆಲವು ಸಲ ದ್ರಾಕ್ಷಿಯ ರೂಪದಲ್ಲಿ ಬರುವದು. ಸಾಂಗಲಿ ಜಿಲ್ಲೆಯ ಮಕ್ಕಳಿಗೆ ಬೇದಾಣೆಯ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲವಾದರೂ ಇಲ್ಲಿಯೇ ತಪ್ಪು ಹೆಚ್ಚು. ಒಣದ್ರಾಕ್ಷಿಯನ್ನು ನೀರಲ್ಲಿ ನೆನೆಯಿಟ್ಟರೆ ಉಬ್ಬುವದು ಅಭಿಸರಣ. ನೀರು ಹೆಚ್ಚಿದ್ದ ಕಡೆಯಿಂದ ಕಡಿಮೆಯಿದ್ದ ಕಡೆಗೆ ಅರೆಪಾರಕ ಪೊರೆಯ ಮೂಲಕ ದಾಟಿತು. ಉಪ್ಪು ಸವರಿದ ಮಾವಿನ ಹೋಳು ನೀರು ಬಿಡುವದೂ ಅಭಿಸರಣವೇ. ಆದರೆ ನೆರಳಿನ ಜಾಳಿಗೆಯ ಮೇಲೆ ದ್ರಾಕ್ಷಿಯು ಬೇದಾಣೆಯಾಗುವದು ಅಭಿಸರಣವಲ್ಲ, ಬಾಷ್ಪೀಭವನ. ಅಲ್ಲಿ ನೀರು ಆವಿಯಾಗಿ ಗಾಳಿಗೆ ಹೋಗುವದು. ತೋಟಿಗರು ಗೊನೆಗಳನ್ನು ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಸಿಯಮ್ ಕಾರ್ಬೋನೇಟಿನ ದ್ರವದಲ್ಲಿ ಅದ್ದುವದು ಹಣ್ಣಿನ ಮೇಲಿನ ಮೇಣದ ಪದರವನ್ನು ಸಡಿಲಿಸಿ ನೀರಿಗೆ ದಾರಿ ಮಾಡಿಕೊಡಲಿಕ್ಕೆ.

ಇದೇ ತತ್ತ್ವವು ಜೀವ ಉಳಿಸಿದ ಕಥೆಯೊಂದುಂಟು. 1971ರಲ್ಲಿ ಬಂಗಾಲದ ಬನಗಾಂವದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಶೇಕಡಾ 30ರಷ್ಟು ರೋಗಿಗಳು ಸಾಯುತ್ತಿದ್ದಾಗ, ಡಾ. ದಿಲೀಪ ಮಹಾಲನಬೀಸರು ಉಪ್ಪು-ಗ್ಲುಕೋಸುಗಳ ನೀರನ್ನು ಬಾಯಿಂದಲೇ ಕುಡಿಸಿ ಸಾವಿನ ಪ್ರಮಾಣವನ್ನು ಶೇಕಡಾ 4ಕ್ಕಿಂತ ಕೆಳಗೆ ಇಳಿಸಿದರು. ಕರುಳಿನ ಕೋಶದ ಪೊರೆಯಲ್ಲಿ ಗ್ಲುಕೋಸ್ ಮತ್ತು ಸೋಡಿಯಮ್ ಕೈಹಿಡಿದು ಒಳಬರುವ ಬಾಗಿಲೊಂದಿದೆ. ಅವು ಒಳಬಂದವೆಂದರೆ ನೀರು ಅಭಿಸರಣದಿಂದ ಹಿಂಬಾಲಿಸುವದು. ಬರಿಯ ನೀರಿಗೆ ಆ ಬಾಗಿಲು ತೆರೆಯದು. ಮನೆಯಲ್ಲಿ ಇದನ್ನು ಮಾಡುವದಾದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಚಹಾದ ಚಮಚೆಯಿಂದ ಸಮತಟ್ಟಾಗಿ 6 ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಉಪ್ಪು ಹೆಚ್ಚಾದರೆ ಕೋಶದ ನೀರು ತಿರುಗಿ ಹೊರಕ್ಕೆ ಬರುವದು. ಏಕೆಂಬುದನ್ನು ನೀವೇ ಹೇಳಿರಿ.

ಕೋಶವಿಭಜನೆಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಳವಣಿಗೆಗೆ ಮತ್ತು ಗಾಯ ಮಾಯಲಿಕ್ಕೆ ಸಮವಿಭಜನೆ. ಸಂತಾನಕ್ಕೆ ಬೇಕಾದ ಕೋಶಗಳಿಗಾಗಿ ಅರ್ಧವಿಭಜನೆ. ಮಾನವನಲ್ಲಿ 46 ವರ್ಣತಂತುಗಳು, ಜೋಳದಲ್ಲಿ 20, ಉಳ್ಳಾಗಡ್ಡಿಯಲ್ಲಿ 16. ಅರ್ಧವಿಭಜನೆಯ ನಂತರ ಕ್ರಮವಾಗಿ 23, 10, 8. ಉಳ್ಳಾಗಡ್ಡಿಯನ್ನು ನೀರು ತುಂಬಿದ ಲೋಟದ ಬಾಯಿಯ ಮೇಲೆ ಇಟ್ಟರೆ ಕೆಲವು ದಿನಗಳಲ್ಲಿ ಬೇರು ಬಿಡುವದು. ಆ ಬೇರಿನ ತುದಿಯಲ್ಲಿ ಈ ವಿಭಜನೆಯ ಎಲ್ಲ ಹಂತಗಳೂ ನಡೆದಿರುತ್ತವೆ. ಚಿತ್ರ ತೆಗೆಯುವಾಗ ಪೆನ್ಸಿಲನ್ನೇ ಬಳಸಿರಿ, ಹೆಸರುಗಳನ್ನು ಒಂದೇ ಮಗ್ಗುಲಿಗೆ ಬರೆಯಿರಿ, ಬಣ್ಣದ ಆಡಂಬರ ಬೇಡ. ಮೆಟಾಫೇಸಿನಲ್ಲಿ ವರ್ಣತಂತುಗಳು ನಡುಸಾಲಿನಲ್ಲಿ, ಅನಾಫೇಸಿನಲ್ಲಿ ಎರಡು ತುದಿಗಳತ್ತ. ಈ ಎರಡು ಚಿತ್ರ ಸರಿಯಾದರೆ ಉಳಿದವು ತಾವೇ ಬರುವವು.

ಇಷ್ಟು ಓದಿದ ಮೇಲೆ ಪುಸ್ತಕವನ್ನು ಮುಚ್ಚಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಕೆಂಪು ರಕ್ತಕಣವು ಸಯನೈಡಿನಿಂದ ತನ್ನ ಶಕ್ತಿಯನ್ನು ಕಳೆದುಕೊಳ್ಳುವದೆ? ವೇಗವಾಗಿ ಓಡಿದವನ ಸ್ನಾಯುವಿನಲ್ಲಿ ಆಮ್ಲಜನಕ ಸಾಲದಾದಾಗ ಪೈರುವಿಕ್ ಆಮ್ಲವು ಏನಾಗುವದು? ಜೋಳದ ಗಿಡವು ತನ್ನ ವಿಷದಿಂದ ತಾನೇ ಏಕೆ ಸಾಯುವದಿಲ್ಲ? ಮೂರನೆಯದರ ಉತ್ತರವನ್ನು ಬರೆದಾದ ಮೇಲೆ, ಸಂಜೆ ದನಗಳಿಗೆ ಮೇವು ಹಾಕುವ ಹೊತ್ತಿಗೆ, ತಂದೆಗೋ ಅಜ್ಜನಿಗೋ ಬಾಯಿಂದ ಹೇಳಿರಿ. ಅವರು ತಿರುಗಿ ಕೇಳುವ ಪ್ರಶ್ನೆಗಳನ್ನು ವಹಿಯಲ್ಲಿ ಬರೆದುಕೊಂಡು ಮರುದಿನ ವರ್ಗಕ್ಕೆ ತನ್ನಿರಿ.